ವಾಕ್ಯದ ಪಕ್ಕದಲ್ಲಿ ಒಂದು ಹೆಸರು: ಸತ್ಯವೇದವನ್ನು ದಿನದ ಬದುಕಿಗೆ ತರುವ ಬಗೆ

ಮೊದಲು ನೂರು ಪುಟದ ಒಂದು ನೋಟ್‌ಬುಕ್ ತನ್ನಿ. ಅದನ್ನು ಸತ್ಯವೇದದ (ಬೈಬಲ್ಲಿನ) ಜೊತೆಗೇ ಇಡಿ. ಮುಂದೆ ಹೇಳುವ ಕೆಲಸವೆಲ್ಲ ಅದರಲ್ಲೇ ಶುರುವಾಗುತ್ತದೆ.

ನಮ್ಮ ಉತ್ತರ ಕರ್ನಾಟಕದ ಕಡೆ ದೇವರ ವಾಕ್ಯಕ್ಕೇನೂ ಬರ ಇಲ್ಲ. ಇಂಗ್ಲೆಂಡಿನ ಮಿಷನರಿ ಸಂಸ್ಥೆಯಾದ ಲಂಡನ್ ಮಿಷನ್ನಿನವರು ಬೆಳಗಾವಿಗೆ ಬಂದದ್ದು 1820ರಲ್ಲಿ. ಇಡೀ ಸತ್ಯವೇದ ಕನ್ನಡದಲ್ಲಿ ಅಚ್ಚಾಗಿ ಮುಗಿದದ್ದು 1831ರಲ್ಲಿ. ಖಣ (ಕುಪ್ಪಸದ ಬಟ್ಟೆ) ನೇಯುವ ಗುಳೇದಗುಡ್ಡದಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಲ್ಲಿ ಕೆಲಸ ಶುರು ಮಾಡಿತು. ಇವತ್ತು ಭಾನುವಾರದ ಆರಾಧನೆ ಇದೆ, ವಾರದ ನಡುವೆ ಮನೆ ಪ್ರಾರ್ಥನೆ ಇದೆ, ಮೊಬೈಲ್‌ನಲ್ಲಿ ಬೇಕಾದಷ್ಟು ಪ್ರಸಂಗಗಳಿವೆ. ಕೇಳುವುದು ಜಾಸ್ತಿಯೇ ಆಗಿದೆ. ಕೇಳಿದ್ದನ್ನು ಮಾಡುವಾಗ ಮಾತ್ರ ತೊಡಕು. ಕೇಳಿ ಸುಮ್ಮನಾಗುವವನು ಕನ್ನಡಿಯಲ್ಲಿ ಮುಖ ನೋಡಿಕೊಂಡು, ಆ ಕಡೆ ತಿರುಗಿದ ಕೂಡಲೇ ತಾನು ಹೇಗಿದ್ದೆ ಅನ್ನುವುದನ್ನೇ ಮರೆಯುವವನ ಹಾಗೆ ಎಂದು ಹೊಸ ಒಡಂಬಡಿಕೆಯಲ್ಲಿ ಪತ್ರ ಬರೆದ ಯಾಕೋಬನು ಹೇಳುತ್ತಾನೆ (ಯಾಕೋಬ 1:22-24, ಅಂದರೆ 1ನೇ ಅಧ್ಯಾಯದ 22ರಿಂದ 24ನೇ ವಚನ).

ಯಾಕೆ ಮರೆಯುತ್ತೇವೆ? ಪ್ರಸಂಗ ಕೇಳಿ ಹೊರಗೆ ಬರುವಾಗ "ಇನ್ನು ಮೇಲೆ ಪ್ರೀತಿಯಿಂದ ಇರಬೇಕು" ಅಂದುಕೊಳ್ಳುತ್ತೇವೆ. ಯಾರ ಜೊತೆ, ಯಾವತ್ತು ಅಂತ ಕೇಳಿಕೊಳ್ಳುವುದಿಲ್ಲ. ಹೆಸರಿಲ್ಲದ ತೀರ್ಮಾನ ಸೋಮವಾರ ಮಧ್ಯಾಹ್ನದ ತನಕವೂ ಉಳಿಯುವುದಿಲ್ಲ. ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ ಮಾತು: ಓದಿದ ವಾಕ್ಯದ ಪಕ್ಕದಲ್ಲಿ ಒಬ್ಬರ ಹೆಸರು ಬರೆಯಿರಿ.

ಇಲ್ಲೊಂದು ವಿಷಯ ಸ್ಪಷ್ಟ ಇರಲಿ. ದೇವರ ಪ್ರೀತಿ ಗಳಿಸುವುದಕ್ಕಾಗಿ ಇದನ್ನೆಲ್ಲ ಮಾಡುವುದಲ್ಲ. ಎಫೆಸದವರಿಗೆ ಬರೆದ ಪತ್ರದ 2ನೇ ಅಧ್ಯಾಯದಲ್ಲಿ 8, 9, 10ನೇ ವಚನಗಳನ್ನು ಒಟ್ಟಿಗೆ ಓದಿ. ರಕ್ಷಣೆ ಕೃಪೆಯಿಂದ ಬಂದದ್ದು, ನಮ್ಮ ಕ್ರಿಯೆಗಳಿಂದಲ್ಲ. ಹಾಗೆ ರಕ್ಷಿಸಿದ ದೇವರೇ ನಮ್ಮನ್ನು ಒಳ್ಳೆಯ ಕೆಲಸಗಳಿಗಾಗಿ ಉಂಟುಮಾಡಿದ್ದಾನೆ. ಮೊದಲು ಕೃಪೆ, ಆಮೇಲೆ ಕ್ರಿಯೆ. ಇದನ್ನು ತಿರುಗಿಸಿದರೆ ನೋಟ್‌ಬುಕ್ ಭಾರವಾಗುತ್ತದೆ, ಮನುಷ್ಯ ಒಣಗುತ್ತಾನೆ.

ಒಂದೇ ಪುಸ್ತಕ ಹಿಡಿಯಿರಿ

ಬೆಳಗ್ಗೆ ಎದ್ದು ಸತ್ಯವೇದವನ್ನು ಎಲ್ಲೋ ಒಂದು ಕಡೆ ತೆರೆದು, ಕಣ್ಣಿಗೆ ಬಿದ್ದ ವಚನ ಓದಿ ಮುಚ್ಚುವ ಅಭ್ಯಾಸ ಬಹಳ ಜನಕ್ಕಿದೆ. ಅದರಿಂದ ಸಮಾಧಾನ ಸಿಗಬಹುದು, ಆದರೆ ಗುಣ ಬೆಳೆಯುವುದು ಕಷ್ಟ. ನಮಗೆ ಬೇಡವಾದ ವಚನ ಬಂದರೆ ಇನ್ನೊಂದು ಪುಟ ತಿರುವುತ್ತೇವೆ, ಅಲ್ವಾ?

ಯಾಕೋಬನ ಪತ್ರದಿಂದ ಶುರು ಮಾಡಿ. ಐದೇ ಅಧ್ಯಾಯ, 108 ವಚನ. ಒಮ್ಮೆ ಪೂರ್ತಿಯಾಗಿ, ಗಟ್ಟಿಯಾಗಿ ಓದಿ. ಅರ್ಧ ಗಂಟೆಯೂ ಬೇಕಾಗುವುದಿಲ್ಲ. ಮನೆಯಲ್ಲಿ ಓದು ಬರದ ಹಿರಿಯರಿದ್ದರೆ ಅವರ ಪಕ್ಕದಲ್ಲೇ ಕುಳಿತು ಓದಿ. ನಡುವೆ ಅವರು ಹೇಳುವ ಒಂದು ಮಾತು ಎಷ್ಟೋ ಸಲ ನಮ್ಮ ಓದಿಗಿಂತ ಆಳ ಇರುತ್ತದೆ.

ಆಮೇಲೆ ವಾರಕ್ಕೆ ಅರ್ಧ ಅಧ್ಯಾಯ ಸಾಕು. ದಿನವೂ ಅದೇ ಭಾಗ ಓದಿ. ಸೋಮವಾರ, ಮಂಗಳವಾರ ಇಷ್ಟು ನೋಡಿ: ಇದನ್ನು ಯಾರಿಗೆ ಬರೆದರು, ಅವರ ಕಷ್ಟ ಏನಿತ್ತು, ಹಿಂದೆ ಮುಂದೆ ಏನಿದೆ. ಸಂದರ್ಭ ಬಿಟ್ಟು ವಚನ ಕಿತ್ತುಕೊಂಡರೆ ನಮಗೆ ಬೇಕಾದ ಅರ್ಥ ತುಂಬುತ್ತೇವೆ. ಅರ್ಥವಾಗದ ಕಡೆ ಪೆನ್ಸಿಲ್‌ನಿಂದ ಗೆರೆ ಎಳೆದು ಭಾನುವಾರ ಸಭಾಪಾಲಕರನ್ನು (ಪಾಸ್ಟರರನ್ನು) ಕೇಳಿ.

ಹೆಸರು ಬರೆಯುವುದು

ಬುಧವಾರದ ಹೊತ್ತಿಗೆ ಆ ಭಾಗದ ಯಾವುದೋ ಒಂದು ವಚನ ನಿಮ್ಮನ್ನು ಹಿಡಿದಿರುತ್ತದೆ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಕೆಳಗೆ ಒಂದು ಹೆಸರು, ಒಂದು ಕೆಲಸ, ಒಂದು ದಿನ.

ಹೆಸರು ಈ ವಾರ ನೀವು ನಿಜವಾಗಿ ಎದುರಾಗುವವರದ್ದಾಗಿರಲಿ. ದೂರದ ಊರಿನವರದ್ದು ಬೇಡ. "ಈ ವಾಕ್ಯ ನಮ್ಮ ಮೈದುನನಿಗೆ ಹೇಳಿ ಮಾಡಿಸಿದ ಹಾಗಿದೆ" ಅನಿಸಿದರೆ ಅಲ್ಲೇ ನಿಲ್ಲಿ. ತಮ್ಮನ ಕಣ್ಣಿನ ಕಸಕ್ಕಿಂತ ಮುಂಚೆ ನಮ್ಮ ಕಣ್ಣಿನ ತೊಲೆ ತೆಗೆಯಬೇಕು ಅಂತ ಯೇಸು ಹೇಳಿದ್ದು ಇದಕ್ಕೇ (ಮತ್ತಾಯ 7:3-5). ಬರೆಯಬೇಕಾದ್ದು ನಿಮ್ಮಿಂದ ಏನೋ ಬರಬೇಕಾಗಿರುವವರ ಹೆಸರು.

ಕೆಲಸವೂ ಕೈಯಿಂದ, ಬಾಯಿಂದ ಅಥವಾ ಕಿಸೆಯಿಂದ ಮಾಡುವಂಥದ್ದಾಗಿರಲಿ. "ತಾಳ್ಮೆ ಬೆಳೆಸಿಕೊಳ್ಳಬೇಕು" ಅನ್ನುವುದು ಆಸೆ ಅಷ್ಟೇ. ಹೀಗೆ ಬರೆಯಿರಿ: "ಯಾಕೋಬ 1:19. ಕೇಳುವುದಕ್ಕೆ ಬೇಗ, ಮಾತಿಗೆ ನಿಧಾನ, ಸಿಟ್ಟಿಗೆ ನಿಧಾನ. ಹೆಸರು: ಅವ್ವ. ಗುರುವಾರ ರಾತ್ರಿ ಊಟದ ಹೊತ್ತಿಗೆ ಮೊಣಕಾಲಿನ ನೋವಿನ ಬಗ್ಗೆ ಅವಳು ಹೇಳುವುದನ್ನು ನಡುವೆ ಬಾಯಿ ಹಾಕದೆ ಪೂರ್ತಿ ಕೇಳುತ್ತೇನೆ. ಮೊಬೈಲ್ ಬೇರೆ ಕೋಣೆಯಲ್ಲಿ." ಇದನ್ನು ಮಾಡಿದೆವೋ ಇಲ್ಲವೋ ಅಂತ ಶುಕ್ರವಾರ ಬೆಳಗ್ಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ.

ಮೊದಲ ತಿಂಗಳು ರೊಕ್ಕದ ಲೆಕ್ಕ

ಓದು ಯಾಕೋಬನ ಪತ್ರದಿಂದ, ಆದರೆ ಮಾಡುವ ಕೆಲಸ ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದರೆ, ರೊಕ್ಕದಿಂದ ಅನ್ನುತ್ತೇನೆ. ಪ್ರಾರ್ಥನೆಯಲ್ಲಿ ನಮ್ಮನ್ನು ನಾವೇ ನಂಬಿಸಿಕೊಳ್ಳಬಹುದು. ಉದ್ರಿ ವಹಿಯಲ್ಲಿ ಆಗುವುದಿಲ್ಲ. ಅಲ್ಲಿ ಹೆಸರು, ತಾರೀಖು, ಮೊತ್ತ ಎಲ್ಲ ಇರುತ್ತದೆ.

ಒಂದು ಪುಟದಲ್ಲಿ ನೀವು ಕೊಡಬೇಕಾದವರ ಪಟ್ಟಿ ಮಾಡಿ. ಕಿರಾಣಿ ಅಂಗಡಿ, ಹಾಲಿನವರು, ಸಂಘದ ಕಂತು, ಮದುವೆಗೆ ಕೈಗಡ ಕೊಟ್ಟ ಸಂಬಂಧಿಕರು, ಆಳಿನ ಪಗಾರ, ಎಲ್ಲವೂ. ಅತ್ಯಂತ ಬಡವರ ಹೆಸರು ಎಲ್ಲಕ್ಕಿಂತ ಮೇಲೆ ಬರಲಿ. ಸಾಮಾನ್ಯವಾಗಿ ನಾವು ಉಲ್ಟಾ ಮಾಡುತ್ತೇವೆ. ಬ್ಯಾಂಕಿನವರು ಫೋನ್ ಮಾಡುತ್ತಾರೆ, ಅವರಿಗೆ ಮೊದಲು ಕಟ್ಟುತ್ತೇವೆ. ಪಾತ್ರೆ ತಿಕ್ಕುವ ಅಕ್ಕ ಕೇಳಲು ನಾಚುತ್ತಾಳೆ, ಅವಳಿಗೆ ಕೊನೆಗೆ.

ಕೂಲಿಯವನ ಕೂಲಿ ಬೆಳಗಿನ ತನಕ ನಿನ್ನ ಹತ್ತಿರ ಉಳಿಯಬಾರದು ಅನ್ನುತ್ತದೆ ಯಾಜಕಕಾಂಡ 19:13. ಹೊತ್ತು ಮುಳುಗುವುದರೊಳಗೆ ಕೊಡು, ಅವನು ಬಡವ, ಅದರ ಮೇಲೇ ಮನಸ್ಸಿಟ್ಟಿದ್ದಾನೆ ಎನ್ನುತ್ತದೆ ಧರ್ಮೋಪದೇಶಕಾಂಡ 24:15. ಯಾಕೋಬನ ಪತ್ರದಲ್ಲಿ ಹೊಲ ಕೊಯ್ದವರಿಗೆ ಕೊಡದೆ ಹಿಡಿದುಕೊಂಡ ಕೂಲಿಯೇ ಕೂಗುತ್ತದೆ, ಆ ಕೂಗು ದೇವರ ಕಿವಿಗೆ ಬೀಳುತ್ತದೆ (5:4).

ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಈ ಮಾತು ಬೇಗ ಅರ್ಥವಾಗಬೇಕು. ಕಬ್ಬು ಕೊಟ್ಟ 14 ದಿನದೊಳಗೆ ಬಿಲ್ಲು ಕೊಡಬೇಕು ಅಂತ 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಬಿಲ್ಲು ತಡವಾದರೆ ನಮಗೆ ಎಷ್ಟು ಸಂಕಟ, ಎಷ್ಟು ಸಿಟ್ಟು! ಅದು ನ್ಯಾಯವಾದ ಸಿಟ್ಟೇ. ಆದರೆ "ಕಾರ್ಖಾನೆ ಬಿಲ್ಲು ಬರಲಿ, ಕೊಡ್ತೀನಿ" ಅಂತ ನಾವು ತಿರುಗಿಸಿ ಕಳಿಸಿದ ಕೂಲಿಯವರ ಮನೆಯಲ್ಲಿ ಆ ರಾತ್ರಿ ಅದೇ ಸಂಕಟ ಇನ್ನೂ ಹೆಚ್ಚಾಗಿರುತ್ತದೆ. ನಮ್ಮ ಹತ್ತಿರ ತಿಂಗಳು ತಡೆಯುವಷ್ಟಾದರೂ ಜೋಳ ಇರುತ್ತದೆ, ಅವರ ಹತ್ತಿರ ಅದೂ ಇರುವುದಿಲ್ಲ. ಹಾಗಾಗಿ ಆಳು ಕರೆಯುವ ಮುಂಚೆಯೇ ಕೂಲಿಯ ರೊಕ್ಕ ಬೇರೆ ತೆಗೆದಿಡಿ. ಅಷ್ಟು ಇಲ್ಲದಿದ್ದರೆ ಮೊದಲೇ ಹೇಳಿ, ಒಪ್ಪಿದವರನ್ನು ಮಾತ್ರ ಕರೆಯಿರಿ.

ಕೈಯಲ್ಲಿ ಇದ್ದರೂ "ನಾಳೆ ಬಾ" ಅನ್ನುವುದು ಬೇರೆಯೇ ಪಾಪ. ಜ್ಞಾನೋಕ್ತಿ 3:28 ಅದನ್ನು ಹೆಸರಿಟ್ಟೇ ಹೇಳುತ್ತದೆ. ದ್ರಾಕ್ಷಿ ತೋಟದ ಮಾಲೀಕರಿರಲಿ, ಮಗ್ಗಕ್ಕೆ ನೂಲು ಕೊಟ್ಟು ಸೀರೆ ನೇಯಿಸುವವರಿರಲಿ, ಮನೆಗೆ ಗೌಂಡಿ ಕರೆಸಿದವರಿರಲಿ, ಈ ವಚನದ ಪಕ್ಕದಲ್ಲಿ ಬರೆಯಲು ಎಲ್ಲರಿಗೂ ಒಂದು ಹೆಸರು ಸಿಗುತ್ತದೆ.

ಹಳೆಯ ಸಾಲ ತೀರಿಸಲು ರೊಕ್ಕವೇ ಇಲ್ಲದಿದ್ದರೆ? ತಪ್ಪಿಸಿಕೊಂಡು ತಿರುಗಬೇಡಿ. ಅಂಗಡಿಯ ಎದುರು ದಾಟುವುದು ಬಿಟ್ಟು ಹಿಂದಿನ ಗಲ್ಲಿಯಿಂದ ಹೋಗುವುದು ಶುರುವಾದಾಗಲೇ ಸಾಲ ನಮ್ಮ ಗುಣ ಕೆಡಿಸಲು ಹತ್ತಿರುತ್ತದೆ. ನೇರವಾಗಿ ಹೋಗಿ ಹೇಳಿ: "ಕಾಕಾ, ನಿಮ್ಮ ರೊಕ್ಕ ಕೊಡೂದು ಭಾಳ ತಡಾ ಆಗೇತಿ. ತಪ್ಪು ನಂದು. ಈಗ ಐದನೂರು ತಂದೀನಿ, ತಿಂಗಳಾ ಇಷ್ಟಿಷ್ಟ ತಂದು ಮುಟ್ಟಸ್ತೀನಿ." ಕಾರಣಗಳ ಪಟ್ಟಿ ಬೇಡ. ಹೇಳಿದ ತಾರೀಖಿಗೆ ಹೋಗಿ. ಒಂದು ತಿಂಗಳು ಆಗದಿದ್ದರೆ ಆ ತಾರೀಖಿಗೆ ಮುಂಚೆ ಹೋಗಿ ಹೇಳಿ. ನಮ್ಮ ಹೌದು ಹೌದಾಗಿರಲಿ ಅಂತ ಯೇಸು ಹೇಳಿದ್ದು (ಮತ್ತಾಯ 5:37) ನನ್ನ ಮಟ್ಟಿಗೆ ಇಂಥ ಕಡೆ ಅತಿ ಚೆನ್ನಾಗಿ ಕಲಿಯುವ ಪಾಠ.

ತೂಕದಲ್ಲಿ, ಲೆಕ್ಕದಲ್ಲಿ ಮೋಸವಾಗಿದ್ದರೆ ಬರೀ ಪ್ರಾರ್ಥನೆಯಲ್ಲಿ ಅರಿಕೆ ಮಾಡಿದರೆ ಸಾಲದು. ಸುಂಕ ವಸೂಲಿ ಮಾಡುತ್ತಿದ್ದ ಜಕ್ಕಾಯನು ಯೇಸುವಿನ ಮುಂದೆ ಎದ್ದು ನಿಂತು, ಅನ್ಯಾಯವಾಗಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಹಿಂದೆ ಕೊಡುತ್ತೇನೆ ಅಂದ (ಲೂಕ 19:8). ಯಾರಿಗೆ ಅಂತ ಗೊತ್ತಿದ್ದರೆ ಅವರಿಗೇ ಕೊಡಿ. ಗೊತ್ತಿಲ್ಲದಿದ್ದರೆ ಬಡವರಿಗೆ ಕೊಡಿ.

ದಶಮಾಂಶದ, ಅಂದರೆ ಗಳಿಕೆಯ ಹತ್ತರಲ್ಲೊಂದು ಪಾಲು ಸಭೆಗೆ ಕೊಡುವುದರ ಬಗ್ಗೆಯೂ ಒಂದು ಮಾತು. ಆಳಿನ ಪಗಾರ ನಿಲ್ಲಿಸಿ ಸಭೆಗೆ ದಶಮಾಂಶ ಹಾಕುವುದನ್ನು ದೇವರು ಮೆಚ್ಚುತ್ತಾನೆಂದು ನಾನು ನಂಬುವುದಿಲ್ಲ. ಮತ್ತಾಯ 23:23 ಓದಿ. ಸೊಪ್ಪು, ಜೀರಿಗೆಯಲ್ಲೂ ಹತ್ತರಲ್ಲೊಂದು ಪಾಲು ಕೊಟ್ಟು, ನ್ಯಾಯ ಕರುಣೆ ಬಿಟ್ಟವರಿಗೆ ಯೇಸು ಏನು ಹೇಳಿದ ಅಂತ ನೋಡಿ. ಕಾಣಿಕೆ ಬಿಡಿ ಅಂತ ಆತ ಹೇಳಲಿಲ್ಲ. ಇದನ್ನೂ ಮಾಡಿ, ಅದನ್ನು ಬಿಡಬೇಡಿ ಅಂದ. ಹಾಗೆಯೇ, ಸಾಲಕ್ಕೆ ಜಾಮೀನು ಹಾಕುವ ಮುಂಚೆ ಜ್ಞಾನೋಕ್ತಿ 6:1-5ನ್ನು ಗಂಡ ಹೆಂಡತಿ ಇಬ್ಬರೂ ಕೂತು ಓದಿ. ಮುಲಾಜಿಗೆ ಸಹಿ ಮಾಡಿ ಹೊಲ ಕಳೆದುಕೊಳ್ಳುವುದು ಕ್ರಿಸ್ತನ ಪ್ರೀತಿ ಅಲ್ಲ.

ಎರಡನೇ ತಿಂಗಳು ಬಾಯಿ

ಯಾಕೋಬ 3ನೇ ಅಧ್ಯಾಯದ ಮೊದಲ 12 ವಚನಗಳು ನಾಲಿಗೆಯ ಬಗ್ಗೆಯೇ ಇವೆ. ಅದೇ ಬಾಯಿಂದ ದೇವರ ಸ್ತುತಿ, ಅದೇ ಬಾಯಿಂದ ಮನುಷ್ಯರಿಗೆ ಶಾಪ. ಇದು ಹಾಗಿರಬಾರದು ಅಂತ 10ನೇ ವಚನ.

ವಿಶ್ವಾಸಿಗಳು ಬೈಗುಳ ಬಿಡುತ್ತಾರೆ, ಅದು ಸುಲಭ. ಚಾಡಿ ಬಿಡುವುದಿಲ್ಲ. ಅದಕ್ಕೆ ನಮ್ಮಲ್ಲಿ ಒಳ್ಳೆಯ ಬಟ್ಟೆ ತೊಡಿಸಿರುತ್ತೇವೆ: "ಅವರಿಗಾಗಿ ಪ್ರಾರ್ಥನೆ ಮಾಡಿರಿ, ಮಗಳ ವಿಷಯ ಹೀಗಾಗಿದೆಯಂತೆ." ಮನೆ ಪ್ರಾರ್ಥನೆ ಮುಗಿದು ಚಹಾ ಬರುವ ಹೊತ್ತಿಗೆ ಆ ಹುಡುಗಿಯ ವಿಷಯ ಮೂರು ಗಲ್ಲಿ ದಾಟಿರುತ್ತದೆ. ಇದು ಸಭೆಗಳನ್ನು ಒಡೆದಿದೆ, ಮದುವೆಗಳನ್ನು ನಿಲ್ಲಿಸಿದೆ. ಕೇಳುವಾಗಲೆಲ್ಲ ನನಗೆ ಬಹಳ ನೋವಾಗುತ್ತದೆ, ಯಾಕೆಂದರೆ ಪ್ರಾರ್ಥನೆಯ ಹೆಸರಲ್ಲೇ ಆಗುತ್ತದೆ.

ಇದಕ್ಕೆ ಮಾಡಬೇಕಾದ್ದು ಇಷ್ಟು. ಬೇರೆಯವರ ಪರವಾಗಿ ಪ್ರಾರ್ಥನೆ ಕೇಳುವ ಮುಂಚೆ ಅವರ ಒಪ್ಪಿಗೆ ಕೇಳಿ. ಒಪ್ಪಿಗೆ ಇಲ್ಲದಿದ್ದರೆ ಹೆಸರು, ವಿಷಯ ಎರಡೂ ಹೇಳದೆ ನೀವೇ ಮನೆಯಲ್ಲಿ ಮೊಣಕಾಲೂರಿ. ಬೇರೆಯವರು ಶುರು ಮಾಡಿದರೆ, "ಅಕ್ಕಾರ, ಇದನ್ನ ಅವರಿಗೆ ಕೇಳಿ ಹೇಳೂಣು, ಈಗ ಪ್ರಾರ್ಥನಾ ಮಾಡೂಣು" ಅಂದು ಕಣ್ಣು ಮುಚ್ಚಿ. ಕಟ್ಟಿಗೆ ಇಲ್ಲದಿದ್ದರೆ ಬೆಂಕಿ ಆರುತ್ತದೆ, ಚಾಡಿಕೋರ ಇಲ್ಲದಿದ್ದರೆ ಜಗಳ ನಿಲ್ಲುತ್ತದೆ ಅಂತ ಜ್ಞಾನೋಕ್ತಿ 26:20.

ಈಗ ಬಾಯಿಯ ಕೆಲಸ ಬೆರಳೂ ಮಾಡುತ್ತದೆ. ಸುಳ್ಳು ಸುದ್ದಿ ಹರಡಬಾರದು ಅಂತ ವಿಮೋಚನಕಾಂಡ 23:1 ಹೇಳುತ್ತದೆ. ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡುವ ಮುಂಚೆ ಈ ವಚನ ನೆನಪಿಗೆ ಬರಲಿ. ಬೆಳಗಾವಿಯಲ್ಲಿ ಕನ್ನಡ, ಮರಾಠಿ ಎರಡೂ ಮಾತಾಡುವವರು ಒಂದೇ ಗಲ್ಲಿಯಲ್ಲಿ, ಎಷ್ಟೋ ಸಲ ಒಂದೇ ಮನೆಯಲ್ಲಿ ಇರುತ್ತಾರೆ. ಭಾಷೆಯ ಹೆಸರಲ್ಲಿ ಗಲಾಟೆ ಎದ್ದಾಗ ಬರುವ ವಿಡಿಯೋ ಎಲ್ಲಿಯದು, ಯಾವಾಗಿನದು ಅಂತ ಗೊತ್ತಿಲ್ಲದೆ ಮುಂದೆ ಕಳಿಸಿದರೆ ಅದು ಸುಳ್ಳು ಸಾಕ್ಷಿಯೇ. ಗೊತ್ತಿಲ್ಲ ಅಂದರೆ ಕಳಿಸಬೇಡಿ. ಕಳಿಸಿಬಿಟ್ಟಿದ್ದರೆ ಅದೇ ಗುಂಪಿನಲ್ಲಿ "ಇದು ತಪ್ಪು ಸುದ್ದಿ, ನಾನು ಕಳಿಸಬಾರದಿತ್ತು" ಅಂತ ಬರೆಯಿರಿ. ಅಳಿಸಿ ಸುಮ್ಮನಾಗುವುದು ಸಾಲದು.

ಕ್ಷಮೆ ಕೇಳುವುದು, ಕ್ಷಮಿಸುವುದು

ಕಾಣಿಕೆ ಹಿಡಿದು ಬಂದಾಗ ಸಹೋದರನ ಮನಸ್ಸಲ್ಲಿ ನಮ್ಮ ಮೇಲೆ ಏನೋ ಇದೆ ಅಂತ ನೆನಪಾದರೆ, ಕಾಣಿಕೆ ಅಲ್ಲೇ ಬಿಟ್ಟು ಮೊದಲು ಹೋಗಿ ಸಮಾಧಾನ ಮಾಡಿಕೋ ಅಂತ ಮತ್ತಾಯ 5:23-24. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಆರಾಧನೆ) ಇರುವ ಭಾನುವಾರಕ್ಕೆ ಮುಂಚಿನ ವಾರವನ್ನು ಇದಕ್ಕೆಂದೇ ಇಟ್ಟುಕೊಳ್ಳಿ. ಫೋನಿಗಿಂತ ಮುಖಾಮುಖಿ ಒಳ್ಳೆಯದು. "ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ" ಅನ್ನಬೇಡಿ, ಏನು ಮಾಡಿದಿರೋ ಅದನ್ನೇ ಹೇಳಿ. ಅವರು ಕೂಡಲೇ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ.

ನಿಮಗೆ ಅನ್ಯಾಯ ಮಾಡಿದವರ ಹತ್ತಿರ ಹೋಗುವುದಾದರೆ ಮತ್ತಾಯ 18:15 ದಾರಿ ತೋರಿಸುತ್ತದೆ: ಮೊದಲು ನೀವಿಬ್ಬರೇ ಇರುವಾಗ. ಪಂಚರನ್ನು ಸೇರಿಸುವುದು ಆಮೇಲಿನ ಮಾತು.

ಇಲ್ಲಿ ಎಚ್ಚರಿಕೆಯೊಂದು ಬೇಕೇ ಬೇಕು. ಗಂಡನ ಹೊಡೆತ ತಿನ್ನುವ ಹೆಣ್ಣುಮಗಳಿಗೆ "ಕ್ಷಮಿಸಿ ಹೊಂದಿಕೊಂಡು ಹೋಗವ್ವಾ" ಅಂತ ವಚನ ಹೇಳಿ ಮತ್ತೆ ಅದೇ ಮನೆಗೆ ಕಳಿಸುವುದು ಸತ್ಯವೇದವನ್ನು ತಪ್ಪಾಗಿ ಬಳಸುವುದು. ಸಮಾಧಾನದಿಂದಿರಿ ಅನ್ನುವ ರೋಮಾಪುರ 12:18ರಲ್ಲೇ "ಸಾಧ್ಯವಾದರೆ" ಅನ್ನುವ ಮಾತಿದೆ. ಮೊದಲು ಅವಳನ್ನು ಮತ್ತು ಮಕ್ಕಳನ್ನು ಸುರಕ್ಷಿತ ಜಾಗಕ್ಕೆ ಕರೆದುಕೊಂಡು ಹೋಗಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112. ಕ್ಷಮೆಯ ಮಾತು ಅವಳು ತಾನಾಗಿ ಎತ್ತುವ ತನಕ ಕಾಯಲಿ.

ಮನೆ, ಸಭೆ, ನೆರೆಹೊರೆ

ನಿಮ್ಮ ಗುಣ ನಿಜವಾಗಿ ಬದಲಾಗಿದೆಯೋ ಇಲ್ಲವೋ ಅಂತ ಸಭೆಯವರನ್ನು ಕೇಳಬೇಡಿ, ಮನೆಯವರನ್ನು ಕೇಳಿ. "ನಾನು ಮಾಡುವ ಯಾವ ಒಂದು ಕೆಲಸದಿಂದ ನಿನಗೆ ಜಾಸ್ತಿ ತ್ರಾಸ ಆಗುತ್ತದೆ?" ಅಂತ ಹೆಂಡತಿಯನ್ನು ಅಥವಾ ಗಂಡನನ್ನು ಕೇಳಿ. ಉತ್ತರ ಬಂದಾಗ ವಾದ ಮಾಡದೆ ನೋಟ್‌ಬುಕ್ಕಿನಲ್ಲಿ ಬರೆಯಿರಿ.

ಸಭೆಯಲ್ಲಿ ಯಾಕೋಬ 2:1-4 ಇಟ್ಟುಕೊಂಡು ನೋಡಿ. ಕಾರಿನಲ್ಲಿ ಬಂದವರಿಗೆ ಮುಂದಿನ ಕುರ್ಚಿ, ಟಂಟಂನಲ್ಲಿ ಬಂದವರಿಗೆ ಹಿಂದಿನ ಚಾಪೆ ಆಗುತ್ತಿದೆಯಾ? ಹಳೆಯ ಜಾತಿ ಯಾವುದು ಅಂತ ಮದುವೆ ಮಾತಿನಲ್ಲಿ ಇನ್ನೂ ಕೇಳುತ್ತಿದ್ದೇವಾ? ಕೇಳುತ್ತಿದ್ದೇವೆ. ಕ್ರಿಸ್ತನಲ್ಲಿ ಎಲ್ಲರೂ ಒಂದೇ ಅನ್ನುವ ಗಲಾತ್ಯ 3:28ನ್ನು ಗೋಡೆಗೆ ತೂಗುಹಾಕಿ, ಬೀಗರ ಮನೆಯಲ್ಲಿ ಜಾತಿ ವಿಚಾರಿಸುವುದು ನಿಲ್ಲಬೇಕು. ನಿಮ್ಮ ಮನೆಯ ಮದುವೆಯಲ್ಲಿ ಆ ಪ್ರಶ್ನೆ ಕೇಳುವುದಿಲ್ಲ ಅಂತ ಮೊದಲೇ ತೀರ್ಮಾನ ಮಾಡಿ, ಹಿರಿಯರಿಗೂ ಹೇಳಿ.

ನೆರೆಯವರ ಹಬ್ಬದ ಊಟದ ವಿಷಯದಲ್ಲಿ ಸಭೆಗಳ ಅಭಿಪ್ರಾಯ ಬೇರೆ ಬೇರೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಊಟಕ್ಕೆ ಕರೆದರೆ ಹೋಗಬೇಕೋ ಬೇಡವೋ ಅಂತ ಯುವಕರು ಕೇಳುತ್ತಾರೆ. ವಿಗ್ರಹಕ್ಕೆ ಅರ್ಪಿಸಿದ ಊಟದ ವಿಷಯ ಬರುವ 1 ಕೊರಿಂಥ 8 ಮತ್ತು 10ನೇ ಅಧ್ಯಾಯಗಳನ್ನು ಎರಡನ್ನೂ ಓದಿ, ಸಭಾಪಾಲಕರ ಜೊತೆ ಮಾತಾಡಿ, ಮನಸ್ಸಾಕ್ಷಿ ಒಪ್ಪುವ ಹಾಗೆ ಮಾಡಿ. ಹೋಗದಿದ್ದರೂ ಮುಖ ಗಂಟು ಹಾಕಿ ಬೇಡ ಅನ್ನಬೇಡಿ. ಆ ಮನೆಯಲ್ಲಿ ಕಾಯಿಲೆಯಾದಾಗ ರೊಟ್ಟಿ ಪಲ್ಯ ಕಟ್ಟಿಕೊಂಡು ಮೊದಲು ಹೋಗುವವರು ನೀವಾಗಿರಿ.

ಜೊತೆಗೊಬ್ಬರು ಬೇಕು

ಒಬ್ಬರೇ ಮಾಡಿದರೆ ನೋಟ್‌ಬುಕ್ ಮೂರನೇ ವಾರಕ್ಕೆ ಅಟ್ಟ ಸೇರುತ್ತದೆ. ಪ್ರೀತಿಗೂ ಒಳ್ಳೆಯ ಕೆಲಸಕ್ಕೂ ಒಬ್ಬರನ್ನೊಬ್ಬರು ಹುರಿದುಂಬಿಸಿರಿ ಅಂತ ಇಬ್ರಿಯ 10:24 ಹೇಳುತ್ತದೆ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಜೊತೆಯಾದರೆ ಒಳ್ಳೆಯದು. ಬಾಯಿ ಗಟ್ಟಿ ಇರುವವರನ್ನು, ಅಂದರೆ ಕೇಳಿದ್ದನ್ನು ಹೊರಗೆ ಹೇಳದವರನ್ನು ಆರಿಸಿ. ಭಾನುವಾರ ಆರಾಧನೆ ಮುಗಿದ ಮೇಲೆ ಸ್ವಲ್ಪ ಹೊತ್ತು ಕೂತು ಎರಡೇ ಪ್ರಶ್ನೆ ಕೇಳಿಕೊಳ್ಳಿ: ಹೋದ ವಾರ ಬರೆದದ್ದು ಮಾಡಿದಿರಾ? ಈ ವಾರ ಯಾರ ಹೆಸರು? ಆಮೇಲೆ ಒಬ್ಬರಿಗಾಗಿ ಒಬ್ಬರು ಪ್ರಾರ್ಥಿಸಿ ಎದ್ದುಬಿಡಿ.

ಮಾಡದೆ ಹೋದ ವಾರಗಳು ಬಂದೇ ಬರುತ್ತವೆ. ಆ ಪುಟ ಹರಿಯಬೇಡಿ. ಪಾಪ ಅರಿಕೆ ಮಾಡಿದರೆ ದೇವರು ನಂಬಿಗಸ್ತನಾಗಿ ಕ್ಷಮಿಸುತ್ತಾನೆ (1 ಯೋಹಾನ 1:9). ಮೂರು ಸಲ ಯೇಸುವನ್ನು ಅರಿಯೆ ಅಂದ ಶಿಷ್ಯ ಪೇತ್ರನಿಗೂ ಆತ ಮೂರು ಸಲ ಪ್ರೀತಿಯ ಬಗ್ಗೆ ಕೇಳಿ, ಮತ್ತೆ ಕೆಲಸ ವಹಿಸಿಕೊಟ್ಟ (ಯೋಹಾನ 21). ಅದೇ ಹೆಸರನ್ನು ಮುಂದಿನ ವಾರದ ಪುಟಕ್ಕೆ ಮತ್ತೆ ಬರೆಯಿರಿ. ಒಂದೇ ಹೆಸರು ನಾಲ್ಕು ವಾರ ಮುಂದೆ ಹೋಗುತ್ತಿದ್ದರೆ ಜೊತೆಗಾರರನ್ನು ಕರೆದುಕೊಂಡು ಆ ಮನೆಗೆ ಹೋಗಿ.

ವಾರಕ್ಕೆ ಅರ್ಧ ಅಧ್ಯಾಯದ ಹಾಗೆ ಯಾಕೋಬನ ಪತ್ರ ಹತ್ತು ವಾರಕ್ಕೆ ಮುಗಿಯುತ್ತದೆ. ಮುಂದೆ ಎಫೆಸ 4ರಿಂದ 6ನೇ ಅಧ್ಯಾಯ ತೆಗೆದುಕೊಳ್ಳಿ. ಸಿಟ್ಟು, ಕಳವು, ಮಾತು, ಗಂಡ ಹೆಂಡತಿ, ಮಕ್ಕಳು, ದುಡಿಯುವವರು, ದುಡಿಸುವವರು ಎಲ್ಲರೂ ಅಲ್ಲಿ ಬರುತ್ತಾರೆ. ಅದರ ಜೊತೆಗೆ ಜ್ಞಾನೋಕ್ತಿಗಳನ್ನೂ ಹಿಡಿಯಬಹುದು. ಅದರಲ್ಲಿ 31 ಅಧ್ಯಾಯಗಳಿವೆ, ತಾರೀಖಿಗೊಂದರಂತೆ ಓದಿ. 30 ದಿನದ ತಿಂಗಳಲ್ಲಿ ಕೊನೆಯ ಎರಡು ಅಧ್ಯಾಯಗಳನ್ನು ಒಂದೇ ದಿನ ಓದಿದರಾಯಿತು.